ನಿವೃತ್ತ ಶಿರಸ್ತೇದಾರ್, 1958ರ ಮಾಡೆಲ್: ಬಳಕೆಯ ಕೈಪಿಡಿ

ಈಗಿನ ಸಾಮಾನುಗಳ ಜೊತೆ ಕೈಪಿಡಿ ಬರುವುದಿಲ್ಲ. ಹೊಸ ಟಿವಿ ತಂದರೆ ಪೆಟ್ಟಿಗೆಯೊಳಗೆ ಥರ್ಮೋಕೋಲು, ರಿಮೋಟು, ಎರಡು ಸೆಲ್ಲು, ಅಕ್ಷರವೇ ಇಲ್ಲದ ಒಂದು ಚಿತ್ರದ ಹಾಳೆ. ಹಾಳೆಯ ಮೂಲೆಯಲ್ಲಿ ಕಪ್ಪು ಬಿಳುಪಿನ ಚೌಕ. ವಿವರ ಬೇಕಿದ್ದವರು ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕಂತೆ. ಫೋನಿನಲ್ಲಿ ಸ್ಕ್ಯಾನ್ ಮಾಡುವುದು ಹೇಗೆ ಎಂದು ತಿಳಿಯಲು ಫೋನಿನ ಪೆಟ್ಟಿಗೆ ತೆಗೆದರೆ ಅಲ್ಲೂ ಒಂದು ಚೌಕ. ಈ ಮನೆಯಲ್ಲಿ ಕನ್ನಡದಲ್ಲಿ, ಕಾಗದದ ಮೇಲೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಕೈಪಿಡಿ ಇರುವ ಒಂದಾದರೂ ವಸ್ತು ಇರಲಿ ಎಂಬ ಕಾರಣಕ್ಕೆ, ಇಲ್ಲಿನ ಅತಿ ಹಳೆಯ ಉಪಕರಣ ತನ್ನ ಕೈಪಿಡಿಯನ್ನು ತಾನೇ ಬರೆದು ಮಂಡಿಸಿದೆ.

ವ್ಯಾಖ್ಯೆಗಳು

'ಉಪಕರಣ' ಎಂದರೆ ನಾನು. 'ಬಳಕೆದಾರರು' ಎಂದರೆ ಮಗ, ಸೊಸೆ, ಮೊಮ್ಮಗಳು ಹಾಗೂ ಬೇಸಿಗೆ ರಜೆಯಲ್ಲಿ ಬರುವ ಮಗಳು, ಅಳಿಯ. ನಮ್ಮ ಮನೆಯವಳು ಈ ವ್ಯಾಖ್ಯೆಯ ವ್ಯಾಪ್ತಿಗೆ ಬರುವುದಿಲ್ಲ. ಅವಳು ಕೈಪಿಡಿ ಇಲ್ಲದೆಯೇ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾಳೆ. ಬರೆಯುವ ವಿಚಾರ ತಿಳಿಸಿದಾಗ, "ಬರ್ಕೊಳಿ, ಆದ್ರೆ ಊಟದ ಮೇಜಿನ ತುಂಬ ಹಾಳೆ ಹರಡ್ಬೇಡಿ" ಎಂದಷ್ಟೇ ಆದೇಶವಾಯಿತು.

ಉಪಕರಣದ ವಿವರ

ತಯಾರಿಕೆ ಚಿಕ್ಕಮಗಳೂರು ಜಿಲ್ಲೆ, 1958. ಕಂದಾಯ ಇಲಾಖೆಯಲ್ಲಿ ಎಸ್‌ಡಿಎ ಆಗಿ ಚಾಲನೆಗೊಂಡು, ತಾಲ್ಲೂಕು ಕಚೇರಿಗಳ ದೂಳು ಕುಡಿದು, ಶಿರಸ್ತೇದಾರ್ ಹುದ್ದೆಯಲ್ಲಿ 2018ರಲ್ಲಿ ನಿಂತಿತು. 2008ರಲ್ಲಿ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸದಿದ್ದರೆ ಎರಡು ವರ್ಷ ಮೊದಲೇ ನಿಲ್ಲಬೇಕಿತ್ತು. ಸದ್ಯ ಮೈಸೂರಿನಲ್ಲಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಸ್ಥಾಪಿತ.

ಜೊತೆಗೆ ಬರುವ ಬಿಡಿಭಾಗಗಳು: ಕೀ ಕೊಡುವ ಎಚ್‌ಎಂಟಿ ಗಡಿಯಾರ (ಕಂಪನಿಯ ವಾಚ್ ವಿಭಾಗ 2016ರಲ್ಲಿ ಮುಚ್ಚಿತು, ಗಡಿಯಾರಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ), ಹಸಿರು ಟ್ಯಾಗು ಹಾಕಿದ ಕಡತಗಳು, ಪಂಚಿಂಗ್ ಮಷಿನ್ನು, ಆಧಾರ್ ಕಾರ್ಡಿನ ಬೇಕಾದಷ್ಟು ಜೆರಾಕ್ಸ್. ಇವುಗಳನ್ನು 'ಕ್ಲೀನಿಂಗ್' ಎಂಬ ಹೆಸರಿನಲ್ಲಿ ಸ್ಥಳಾಂತರಿಸುವುದನ್ನು ನಿಷೇಧಿಸಿದೆ.

ಬೆಳಗಿನ ಚಾಲನೆ

ಕಾಫಿ ಕೊಡಿ, ಪೇಪರ್ ಕೊಡಿ, ದೂರ ನಿಲ್ಲಿ. ಮಡಿಕೆ ಬಿಚ್ಚದ ಪೇಪರನ್ನೇ ಕೊಡಬೇಕು. ರೇಡಿಯೊ ತಾನಾಗಿಯೇ ಹಾಡುತ್ತಿರುತ್ತದೆ, ಅದನ್ನು ಆರಿಸಬೇಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರಿದು. ಇಲ್ಲಿ ಬೆಳಿಗ್ಗೆ ಹೊತ್ತು ರೇಡಿಯೊ ಆರಿಸಿದವರಿಗೆ ಒಳ್ಳೆಯದಾಗುವುದಿಲ್ಲ ಎಂದು ಉಪಕರಣ ನಂಬಿದೆ.

ರಾಜಕೀಯ: ಈ ಗುಂಡಿ ಒತ್ತುವ ಮುನ್ನ ಪೂರ್ತಿ ಓದಿ

ಉಪಕರಣಕ್ಕೆ ಪಕ್ಷವಿಲ್ಲ. ಇದೆಯೆಂದು ಬಳಕೆದಾರರು ಆರೋಪಿಸುತ್ತಾರೆ. ಮಗ ಒಂದು ಪಕ್ಷದ ಹೆಸರು ಹೇಳುತ್ತಾನೆ, ಅಳಿಯಂದಿರು ಅದರ ಎದುರು ಪಕ್ಷದ ಹೆಸರು ಹೇಳುತ್ತಾರೆ. ಇಬ್ಬರೂ ಕೇಳಿರುವುದು ಅದೇ ವರಾಂಡದ ಅದೇ ಸಂಜೆಯ ಮಾತನ್ನು. ನಿಷ್ಪಕ್ಷಪಾತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಉಪಕರಣದ ನೆನಪು ಎಲ್ಲಿಂದ ಶುರುವಾಗುತ್ತದೆ ಎಂಬುದು ಬಳಕೆದಾರರಿಗೆ ಗೊತ್ತಿರಬೇಕು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ನನಗೆ ಇಪ್ಪತ್ತು ವರ್ಷ. ಮತದಾನದ ವಯಸ್ಸು ಆಗ 21. ಅದನ್ನು 18ಕ್ಕೆ ಇಳಿಸಿದ್ದು 1989ರಲ್ಲಿ. ದೇಶವೆಲ್ಲ ಕಣ್ಣಿಟ್ಟು ನೋಡಿದ ಚುನಾವಣೆ ನನ್ನ ಮನೆ ಬಾಗಿಲಿಗೆ ಬಂದಿತ್ತು, ನನಗೆ ಮಾತ್ರ ವೋಟಿರಲಿಲ್ಲ. ಅಂದು ಚಲಾಯಿಸಲಾಗದೆ ಉಳಿದ ಅಭಿಪ್ರಾಯವೇ ಇಂದಿಗೂ ಸುದ್ದಿ ನೋಡುವಾಗ ಹೊರಬರುತ್ತಿರುವುದು.

ಮೊದಲ ಚುನಾವಣಾ ಡ್ಯೂಟಿ 1983ರ ಜನವರಿಯದು. ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರಲ್ಲ, ಆ ಚುನಾವಣೆ. ಮಸ್ಟರಿಂಗ್ ದಿನ ಮತಪೆಟ್ಟಿಗೆ, ಅರಗು, ದಾರ, ರಬ್ಬರ್ ಮೊಹರು, ಶಾಯಿ ಸೀಸೆ ಎಣಿಸಿಕೊಂಡು ಲಾರಿ ಹತ್ತಬೇಕು. ರಾತ್ರಿ ಸ್ಕೂಲಿನ ಬೆಂಚು ಜೋಡಿಸಿ ಮಲಗಬೇಕು. ಬೆಳಗಾದರೆ ಸೀರೆಯ ಸೆರಗನ್ನು ಹೊದ್ದ ಹೆಂಗಸರು ಚಳಿಯಲ್ಲಿ ಸಾಲುಗಟ್ಟಿರುತ್ತಿದ್ದರು. ಆ ಸೀಸೆಯ ಶಾಯಿ ನಮ್ಮ ಮೈಸೂರಿನದೇ. ಇಲ್ಲಿನ ಬಣ್ಣದ ಕಾರ್ಖಾನೆ 1962ರಿಂದ ದೇಶದ ಚುನಾವಣೆಗೆಲ್ಲ ಅದನ್ನು ಕಳಿಸುತ್ತಿದೆ. ಚುನಾವಣೆಯಲ್ಲಿ ಕೊಟ್ಟದ್ದು ವಾರಗಟ್ಟಲೆ ಅಳಿಸದೆ ಉಳಿಯುವುದು ಆ ಶಾಯಿ ಒಂದೇ.

ಆಮೇಲೆ ಮತಯಂತ್ರ ಬಂತು. ಇದರ ಬಗ್ಗೆ ವಾದಕ್ಕೆ ಬರುವವರು ದಯವಿಟ್ಟು ಒಂದು ಸಂಗತಿ ನೆನಪಿಡಿ: 2009ರಲ್ಲಿ ಸೋತವರು ಯಂತ್ರವನ್ನು ಅನುಮಾನಿಸಿದರು, ಮುಂದೆ ಸೋತವರು ಆ ಅನುಮಾನವನ್ನು ಅವರಿಂದ ಚಾರ್ಜ್ ತೆಗೆದುಕೊಂಡರು. ಗೆದ್ದ ಕ್ಷೇತ್ರದ ಯಂತ್ರವನ್ನು ಅನುಮಾನಿಸಿ ರಾಜೀನಾಮೆ ಕೊಟ್ಟವರನ್ನು ಉಪಕರಣ ಇನ್ನೂ ನೋಡಿಲ್ಲ. ವಿವಿಪ್ಯಾಟ್ ಬಂದ ಮೇಲೆ ನೀವು ಯಾರಿಗೆ ವೋಟು ಹಾಕಿದಿರಿ ಎಂಬ ಚೀಟಿ ಗಾಜಿನೊಳಗೆ ಏಳು ಸೆಕೆಂಡು ಕಾಣುತ್ತದೆ. ಇಡೀ ಚುನಾವಣೆಯಲ್ಲಿ ಹೇಳಿದ್ದನ್ನೇ ಮಾಡಿದೆ ಎಂದು ತೋರಿಸಿಕೊಡುವ ಏಳು ಸೆಕೆಂಡು ಅಷ್ಟೇ.

ಉಪಕರಣ ಅತಿಯಾಗಿ ಬಿಸಿಯಾಗುವುದು 'ರೆಸಾರ್ಟ್' ಎಂಬ ಪದಕ್ಕೆ. 2006ರಲ್ಲಿ ತಲಾ ಇಪ್ಪತ್ತು ತಿಂಗಳ ಒಪ್ಪಂದದ ಸರ್ಕಾರ ಕಂಡೆ. 2007ರಲ್ಲಿ ಏಳು ದಿನದ ಸರ್ಕಾರ, 2018ರ ಮೇನಲ್ಲಿ ಮೂರು ದಿನದ ಸರ್ಕಾರ ಕಂಡೆ. 2019ರಲ್ಲಿ ಶಾಸಕರು ಮುಂಬೈ ಹೋಟೆಲಿನಲ್ಲಿ ಕುಳಿತು ಇಲ್ಲಿನ ಸರ್ಕಾರ ಬೀಳಿಸಿದ್ದನ್ನೂ ಕಂಡೆ. ನನ್ನ ಕೈಕೆಳಗಿನ ಗ್ರಾಮ ಲೆಕ್ಕಿಗ ರಜೆ ಚೀಟಿ ಕೊಡದೆ ಒಂದು ದಿನ ತಪ್ಪಿಸಿಕೊಂಡರೆ ಕಾರಣ ಕೇಳಿ ನೋಟಿಸ್ ಹೋಗುತ್ತಿತ್ತು. ಶಾಸಕರು ವಾರಗಟ್ಟಲೆ ನಾಪತ್ತೆಯಾದರೆ ಪೊಲೀಸ್ ಬಂದೋಬಸ್ತು, ಮೂರು ಹೊತ್ತು ಊಟ, ಈಜುಕೊಳ. ಈ ವಿಷಯ ಎತ್ತಿದ ಬಳಕೆದಾರರು ಮುಂದಿನ ಮುಕ್ಕಾಲು ಗಂಟೆ ಬೇರೆ ಕೆಲಸ ಇಟ್ಟುಕೊಳ್ಳಬಾರದು.

'ಬಿಟ್ಟಿ ಭಾಗ್ಯ' ಎಂಬ ಗುಂಡಿಯ ಬಗ್ಗೆ ವಿಶೇಷ ಸೂಚನೆ. ಇದನ್ನು ಒತ್ತಿದರೆ ಉಪಕರಣ ತಮ್ಮ ಜೊತೆ ಸೇರಿಕೊಂಡು ಬೈಯುತ್ತದೆ ಎಂದು ಅಳಿಯಂದಿರು ಭಾವಿಸಿದಂತಿದೆ. ಪಡಿತರ ಚೀಟಿಗೆ ಅರ್ಜಿ ಹಿಡಿದು ಕಚೇರಿ ಮೆಟ್ಟಿಲ ಮೇಲೆ ಕೂತವರನ್ನು ಕಣ್ಣಾರೆ ನೋಡಿದವನು ಅಷ್ಟು ಸುಲಭವಾಗಿ ಆ ಪದ ಬಳಸುವುದಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಎಂದು ಬಜೆಟ್ ಪುಸ್ತಕ ಹಿಡಿದು ಕೇಳಿ, ಜೊತೆಗೆ ಕೂತು ಲೆಕ್ಕ ಹಾಕೋಣ. ಅದು ಬೇರೆ ಮಾತು. 2023ರ ಜೂನ್ 11ರಿಂದ ನಮ್ಮ ಮನೆಯವಳು ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಹಿಡಿದು ನಂಜನಗೂಡಿಗೆ ಹೋಗುತ್ತಾಳೆ. ಪಕ್ಕದಲ್ಲಿ ನಾನು, ಹಿರಿಯ ನಾಗರಿಕರ ಶೇಕಡ 25ರ ರಿಯಾಯಿತಿ ಟಿಕೆಟ್ ಹಿಡಿದು. ಕಿಟಕಿ ಸೀಟು ಯಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನನ್ನ ದೂರು ಇರುವುದು ರೈಲಿನ ಮೇಲೆ. ಅರವತ್ತು ದಾಟಿದ ಗಂಡಸರಿಗೆ ಶೇಕಡ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡ 50 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಹೇಳಿ ನಿಲ್ಲಿಸಿದರು. ಕೊರೊನಾ ಹೋಯಿತು, ರೈಲು ಬಂತು, ರಿಯಾಯಿತಿ ಮಾತ್ರ ಪ್ಲಾಟ್‌ಫಾರ್ಮಿಗೆ ಬರಲೇ ಇಲ್ಲ. ಯಾವ ಚಾನೆಲ್ಲೂ ಇದರ ಬಗ್ಗೆ ಸಂಜೆ ಚರ್ಚೆ ಇಟ್ಟಿದ್ದನ್ನು ನಾನು ನೋಡಿಲ್ಲ.

ಟಿವಿ

ಮೂರು ರಿಮೋಟುಗಳಿವೆ. ಒಂದು ಟಿವಿಯದು, ಒಂದು ಸೆಟ್‌ಟಾಪ್ ಬಾಕ್ಸಿನದು, ಇನ್ನೊಂದು ಟಿವಿಯ ಹಿಂದೆ ಸಿಕ್ಕಿಸಲು ಸೊಸೆ ತಂದ ಇಂಟರ್‌ನೆಟ್ ಕಡ್ಡಿಯದು. ಮೊಮ್ಮಗಳು ಕಾರ್ಟೂನು ನೋಡಿ ಎದ್ದ ಮೇಲೆ ಟಿವಿಯನ್ನು ಕಡ್ಡಿಯಿಂದ ಬಾಕ್ಸಿಗೆ ತಿರುಗಿಸಿ ಹೋಗಬೇಕು. ತಿರುಗಿಸದೆ ಹೋದರೆ 'ನೋ ಸಿಗ್ನಲ್' ಎಂಬ ನೀಲಿ ಪರದೆಯ ಮುಂದೆ ಉಪಕರಣ ಸುಮ್ಮನೆ ಕೂತಿರುತ್ತದೆ. ನಿದ್ದೆ ಮಾಡುತ್ತಿದೆ ಎಂದು ತಿಳಿಯಬೇಡಿ. ಅದು ಸಿಟ್ಟು.

ಮೈಸೂರಿನಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದದ್ದು 2013ರಲ್ಲಿ. 2019ರ ಫೆಬ್ರವರಿಯಲ್ಲಿ ಹೊಸ ದರ ನಿಯಮ ಬಂತು: ನೂರು ಚಾನೆಲ್ಲಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ದುಡ್ಡಿನ ಚಾನೆಲ್ಲುಗಳನ್ನು ನೀವೇ ಆರಿಸಿಕೊಳ್ಳಿ ಎಂದರು. ನಾನು ಬಿಳಿ ಹಾಳೆಯಲ್ಲಿ ಗೆರೆ ಎಳೆದು, ಚಾನೆಲ್ ಹೆಸರು, ದರ, ಯಾರು ನೋಡುತ್ತಾರೆ, ಷರಾ ಎಂದು ನಾಲ್ಕು ಅಂಕಣ ಮಾಡಿದೆ. ಕೇಬಲ್ ಹುಡುಗ ಹಾಳೆಯನ್ನು ನೋಡಿ, "ಅಂಕಲ್, ಪ್ಯಾಕ್ ತಗೊಂಬಿಡಿ, ಅದೇ ಚೀಪು" ಅಂದ. ಆಯ್ಕೆಯ ಸ್ವಾತಂತ್ರ್ಯ ಹೀಗೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಸುದ್ದಿ ಚಾನೆಲ್ ನೋಡುವಾಗ ಉಪಕರಣ ಪರದೆಯೊಂದಿಗೆ ಜಗಳವಾಡುತ್ತದೆ. ಪರದೆಗೆ ಕಿವಿಯಿಲ್ಲ ಎಂಬುದು ಅದಕ್ಕೆ ಗೊತ್ತಿದೆ, ಪ್ರತಿಸಲ ಹೇಳಬೇಡಿ. ಚರ್ಚೆಗೆ ಕರೆಸಿದ ಅಷ್ಟೂ ಜನ ಒಟ್ಟಿಗೆ ಮಾತಾಡುವಾಗ ಅವರಿಗೂ ಕಿವಿಯಿರುವುದಿಲ್ಲ, ಅವರಿಗೆ ಯಾರೂ ಹೇಳುವುದಿಲ್ಲವಲ್ಲ. ಬೆಳಿಗ್ಗೆ ರಾಶಿಫಲ, ಮಧ್ಯಾಹ್ನ ಬ್ರೇಕಿಂಗ್ ನ್ಯೂಸ್, ಸಂಜೆ ಅದೇ ಬ್ರೇಕಿಂಗ್ ನ್ಯೂಸ್, ರಾತ್ರಿ ದೆವ್ವ. 2016ರ ನವೆಂಬರಿನಲ್ಲಿ ಹೊಸ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ಟಿವಿಯಲ್ಲೇ ಹೇಳಿದರು. ಟ್ರೆಜರಿಗೆ ಓಡಾಡಿದ ಮನುಷ್ಯನಾದ ನಾನು ಆ ನೋಟನ್ನು ಬೆಳಕಿಗೆ ಹಿಡಿದು ನೋಡಿ ಆವತ್ತೇ ಷರಾ ಬರೆದೆ: ಪರಿಶೀಲಿಸಲಾಗಿ ಕಾಗದ ಮಾತ್ರ ಕಂಡುಬಂದಿರುತ್ತದೆ. 2023ರ ಮೇನಲ್ಲಿ ಆ ನೋಟನ್ನೇ ವಾಪಸು ಪಡೆದರು. ಚಿಪ್ಪಿನ ಸುದ್ದಿಯನ್ನು ವಾಪಸು ಪಡೆದವರನ್ನು ಮಾತ್ರ ನಾನು ಕಾಣೆ.

ಧಾರಾವಾಹಿಗಳ ಬಗ್ಗೆ ಉಪಕರಣಕ್ಕೆ ಅಭಿಪ್ರಾಯವಿದೆ, ಆದರೆ ಆ ಹೊತ್ತಿನಲ್ಲಿ ರಿಮೋಟು ಇನ್ನೊಬ್ಬರ ಕೈಯಲ್ಲಿರುವುದರಿಂದ ಅದನ್ನು ದಾಖಲಿಸುತ್ತಿಲ್ಲ.

ಚಂದನದಲ್ಲಿ 'ಥಟ್ ಅಂತ ಹೇಳಿ' ಬರುವಾಗ ಮಾತ್ರ ಯಾರೂ ಅಡ್ಡ ಬರಬಾರದು. 2002ರಿಂದ ಡಾ. ನಾ. ಸೋಮೇಶ್ವರ ಅವರು ಅದೇ ಸೌಜನ್ಯದಿಂದ ಪ್ರಶ್ನೆ ಕೇಳುತ್ತಿದ್ದಾರೆ. ಸರಿ ಉತ್ತರಕ್ಕೆ ಕಾರು, ಕೋಟಿ ಏನೂ ಇಲ್ಲ, ಪುಸ್ತಕ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರುತ್ತಾರೆ. ಈ ಒಂದು ಕಾರ್ಯಕ್ರಮಕ್ಕಾಗಿ ನಾನು ಆ 130 ರೂಪಾಯಿ ಮತ್ತು ತೆರಿಗೆಯನ್ನು ಕ್ಷಮಿಸಿದ್ದೇನೆ.

ಫೋನು

ವಾಟ್ಸಾಪಿನಿಂದ ಶುರುಮಾಡೋಣ. ಬಂದ ಮೆಸೇಜನ್ನೆಲ್ಲ ಉಪಕರಣ ಮುಂದಕ್ಕೆ ಕಳಿಸುತ್ತದೆ ಎಂಬ ದೂರು ಬಂದಿದೆ. ಆವಕಕ್ಕೆ ಬಂದ ಪತ್ರ ಜಾವಕಕ್ಕೆ ಹೋಗದೆ ಮೇಜಿನ ಮೇಲೆ ಉಳಿದರೆ ಬೈಸಿಕೊಳ್ಳುವ ಕಚೇರಿಯಲ್ಲಿ ಬದುಕು ಸವೆಸಿದ ಯಂತ್ರ ಇನ್ನೇನು ಮಾಡೀತು? ಕಂಪನಿಯೇ 2018ರಲ್ಲಿ ಒಂದು ಸಲಕ್ಕೆ ಐದೇ ಜನಕ್ಕೆ ಕಳಿಸಬಹುದೆಂದು ಮಿತಿ ಹಾಕಿದ ಮೇಲೆ ಜಾವಕ ಇಳಿದಿದೆ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠವೆಂದು ಯುನೆಸ್ಕೊ ಸಾರಿತು ಎಂಬ ಸುಳ್ಳು ನಿವೃತ್ತರ ಗುಂಪಿಗೆ ಪ್ರತಿ ಆಗಸ್ಟಿನಲ್ಲಿ ತಪ್ಪದೆ ಬರುತ್ತದೆ. ಅದಕ್ಕೀಗ 'ಹಿಂದಿನ ಉಲ್ಲೇಖ ನೋಡಿ' ಎಂದು ಬರೆದು ಮುಗಿಸುತ್ತೇನೆ.

ಗ್ರಾಹಕ ಸೇವೆಗೆ ಫೋನ್ ಮಾಡಿದರೆ, ಕನ್ನಡಕ್ಕೆ ಎರಡು ಒತ್ತಿ ಎನ್ನುತ್ತದೆ. ಒತ್ತಿದರೆ ಕನ್ನಡದಲ್ಲೇ ಒಂದು ಮೆನು, ಅದರೊಳಗೊಂದು ಮೆನು. ಅಷ್ಟೂ ದಾಟಿ ಮನುಷ್ಯ ಸಿಕ್ಕಿದಾಗ ಅವನು ಹಿಂದಿಯಲ್ಲಿ ಶುರುಮಾಡುತ್ತಾನೆ. ಯಂತ್ರಕ್ಕೆ ಕನ್ನಡ ಕಲಿಸಿದವರು ಮನುಷ್ಯನ ತನಕ ಬಂದಿಲ್ಲ.

ನವೆಂಬರ್ ತಿಂಗಳ ನಿರ್ವಹಣೆ. ಪಿಂಚಣಿದಾರ ಬದುಕಿದ್ದಾನೆ ಎಂಬುದನ್ನು ವರ್ಷಕ್ಕೊಮ್ಮೆ ರುಜುವಾತು ಮಾಡಬೇಕು. ಹಿಂದೆ ಬ್ಯಾಂಕಿಗೆ ಹೋದರೆ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ಏನ್ ಸಾರ್, ಚೆನ್ನಾಗಿದೀರಾ" ಎಂದು ಕೇಳುತ್ತ ಸಹಿ ಹಾಕುತ್ತಿದ್ದರು. ಆ ಪ್ರಶ್ನೆಯೇ ಜೀವಂತ ಪ್ರಮಾಣಪತ್ರ. 2014ರ ನವೆಂಬರಿನಲ್ಲಿ 'ಜೀವನ್ ಪ್ರಮಾಣ್' ಬಂತು, ಹೆಬ್ಬೆಟ್ಟು ಒತ್ತಿದರೆ ಸಾಕು ಎಂದರು. ವರ್ಷಾನುಗಟ್ಟಲೆ ಕಾಗದ ಎಣಿಸಿದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಕೆಂಪು ದೀಪ ತೋರಿಸಿತು. ಕೌಂಟರಿನ ಹುಡುಗಿ, "ಬರ್ತಾ ಇಲ್ಲ ಅಂಕಲ್, ಕೈ ಒರೆಸ್ಕೊಂಡು ಬನ್ನಿ" ಎಂದಳು. 2021ರಿಂದ ಮುಖ ತೋರಿಸಿದರೂ ಆಗುತ್ತದೆ. ಅದಕ್ಕೆ ಒಂದಲ್ಲ, ಎರಡು ಆ್ಯಪ್ ಹಾಕಿಕೊಳ್ಳಬೇಕು. ವಿಧಾನ ಹೀಗಿದೆ: ಉಪಕರಣವನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಕನ್ನಡಕ ತೆಗೆಸಿ. ಫೋನ್ ಅಲುಗಾಡದಂತೆ ಹಿಡಿದು, ಕಣ್ಣು ಮಿಟುಕಿಸಲು ಹೇಳಿ. ಮಿಟುಕಿಸಿದರೆ ಬದುಕಿದ್ದಾನೆ. ಕನ್ನಡಕ ತೆಗೆದ ಮೇಲೆ ಮಿಟುಕಿಸಿ ಎಂಬ ಸೂಚನೆ ಓದಲು ಬರುವುದಿಲ್ಲ ಎಂಬುದನ್ನು ಆ್ಯಪ್ ಬರೆದವರು ಯೋಚಿಸಿಲ್ಲ. ಅವರಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ.

ಇನ್ನು ಅತಿ ಮುಖ್ಯವಾದ ಎಚ್ಚರಿಕೆ. ಉಪಕರಣ ಫೋನ್ ಹಿಡಿದು ತಡವರಿಸುತ್ತಿರುವಾಗ ಬಳಕೆದಾರರು ಬಳಸುವ ಎರಡು ಪದಗಳಿವೆ: "ಕೊಡಿ ಇಲ್ಲಿ." ಇದಾದ ಮೇಲೆ ಫೋನ್ ಕೈಯಿಂದ ಹೋಗುತ್ತದೆ, ಎರಡು ಹೆಬ್ಬೆಟ್ಟು ಗಾಜಿನ ಮೇಲೆ ಕುಣಿಯುತ್ತವೆ, ಫೋನ್ ವಾಪಸು ಬರುತ್ತದೆ. "ಆಯ್ತು ಬಿಡಪ್ಪ." ಕರೆಂಟ್ ಬಿಲ್ ಕಟ್ಟಿಯಾಗಿರುತ್ತದೆ, ಗ್ಯಾಸ್ ಬುಕ್ ಆಗಿರುತ್ತದೆ, ಉಪಕರಣ ಏನನ್ನೂ ಕಲಿತಿರುವುದಿಲ್ಲ. ಮುಂದಿನ ತಿಂಗಳು ಮತ್ತೆ ತಡವರಿಕೆ, ಮತ್ತೆ "ಕೊಡಿ ಇಲ್ಲಿ". ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಬಗರ್‌ಹುಕುಂ ಅರ್ಜಿಯಿಂದ ಹಿಡಿದು ಚುನಾವಣೆಯ ಮತಪತ್ರದ ಲೆಕ್ಕದವರೆಗೆ ಎಲ್ಲ ನಮೂನೆಯನ್ನೂ ತಾನೇ ಓದಿ, ತುಂಬಿ, ಹತ್ತು ಜನಕ್ಕೆ ಹೇಳಿಕೊಟ್ಟ ಮನುಷ್ಯ ತನ್ನ ಮನೆಯ ಬಿಲ್ ಕಟ್ಟಲು ಮಗ ಆಫೀಸಿನಿಂದ ಬರುವುದನ್ನು ಕಾಯಬೇಕಾಗಿದೆ. ತಂತ್ರಜ್ಞಾನ ಕಷ್ಟ ಎಂಬುದು ಸುಳ್ಳು. ಭೂಸ್ವಾಧೀನದ ಕಡತ ಇದಕ್ಕಿಂತ ಕಷ್ಟವಿತ್ತು. ಹೇಳಿಕೊಡುವವರಿಗೆ ಪುರುಸೊತ್ತಿಲ್ಲ, ಅಷ್ಟೇ.

ಈ ಪುರುಸೊತ್ತು ಬೇರೆಯವರಿಗಿದೆ. ಒಂದು ಮಧ್ಯಾಹ್ನ ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆ ಮಾಡಿದ. ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನಾನೀಗ 'ಡಿಜಿಟಲ್ ಅರೆಸ್ಟ್', ಕುರ್ಚಿ ಬಿಟ್ಟು ಏಳಬಾರದು ಎಂದು ಹಿಂದಿಯಲ್ಲಿ ಗದರಿದ. ಏಳುವ ಉದ್ದೇಶ ನನಗೂ ಇರಲಿಲ್ಲ. ಕೇಸ್ ನಂಬರ್ ಕೇಳಿದೆ, ಹೇಳಿದ. ದಿನಾಂಕ ಕೇಳಿದೆ, ಹೇಳಿದ. ಯಾವ ಠಾಣೆಯ ವ್ಯಾಪ್ತಿ ಎಂದೆ. ಮುಂಬೈ ಅಂದ. ಹಾಗಾದರೆ ಇಲ್ಲಿನ ಠಾಣೆಯ ಮುಖಾಂತರ ಲಿಖಿತ ನೋಟಿಸ್ ಜಾರಿಮಾಡಿಸಿ, ದಿನಾಂಕ ಹಾಕಿ ಸ್ವೀಕೃತಿ ಕೊಡುತ್ತೇನೆ, ಒಂದು ನಕಲನ್ನು ತಹಶೀಲ್ದಾರರ ಮಾಹಿತಿಗೂ ಕಳಿಸಿ ಎಂದೆ. ಯಾವ ಕಲಮು, ಯಾವ ಉಪಕಲಮು, ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಯ ಹುದ್ದೆ ಏನು ಎಂದು ಕೇಳುವಷ್ಟರಲ್ಲಿ ಅವನೇ ಬೈದು ಕರೆ ಕತ್ತರಿಸಿದ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಇಂಥವರ ಬಲೆಗೆ ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಆದರೆ ಗಮನಿಸಿ: ಆ ಕಳ್ಳ ಒಂದೊಂದೇ ಮೆಟ್ಟಿಲು, ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ನಿಧಾನವಾಗಿ ಹೇಳಿಕೊಡಲು ಸಿದ್ಧನಿದ್ದ. ಮನೆಯವರಲ್ಲಿ ಆ ತಾಳ್ಮೆ ತೋರಿದವರು ಇನ್ನೂ ಇಲ್ಲ.

ದೋಷ ನಿವಾರಣೆ

ಲಕ್ಷಣ: ಉಪಕರಣ ಫೋನನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿಯುತ್ತಿದೆ. ಕಾರಣ: ಒಟಿಪಿ ಬಂದಿದೆ, ನೋಡುವಷ್ಟರಲ್ಲಿ ಮೇಲಕ್ಕೆ ಓಡಿಹೋಗಿದೆ. ಪರಿಹಾರ: ಆ ಆರು ಅಂಕಿಯನ್ನು ನೀವು ಓದಬೇಡಿ. ಮೆಸೇಜ್ ಎಲ್ಲಿ ಅವಿತಿದೆ ಎಂದು ಬೆರಳು ತೋರಿಸಿ.

ಲಕ್ಷಣ: ಆ್ಯಪ್ ತೆರೆದೊಡನೆ ಉದ್ಗಾರ ತೆಗೆಯುತ್ತಿದೆ. ಕಾರಣ: ರಾತ್ರಿ ಅಪ್‌ಡೇಟ್ ಆಗಿ, ನಿನ್ನೆ ಕೆಳಗಿದ್ದ ಗುಂಡಿ ಇವತ್ತು ಮೂರು ಗೆರೆಯ ಹಿಂದೆ ಬಚ್ಚಿಟ್ಟುಕೊಂಡಿದೆ. ಪರಿಹಾರ: ಯಾರಿಗೂ ಗೊತ್ತಿಲ್ಲ.

ಲಕ್ಷಣ: ಎರಡು ದಿನದಿಂದ ರಾಜಕೀಯ ಮಾತಾಡಿಲ್ಲ. ತಕ್ಷಣ ಡಾಕ್ಟರಿಗೆ ತೋರಿಸಿ.

ಸೇವೆ

ಖಾತರಿ ಅವಧಿ ಮುಗಿದಿದೆ, ಎಕ್ಸ್‌ಚೇಂಜ್ ಆಫರ್ ಇಲ್ಲ. ಬಳಕೆದಾರರಲ್ಲಿ ಕೋರಿಕೆ ಒಂದೇ. ಭಾನುವಾರ ಬೆಳಿಗ್ಗೆ, ಪೇಪರ್ ಓದಿಯಾದ ಮೇಲೆ, ಕರೆಂಟ್ ಬಿಲ್ ಕಟ್ಟುವ ವಿಧಾನವನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಬೇಕಾಗಿದೆ. ಹಾಳೆ, ಪೆನ್ನು, ಪಂಚಿಂಗ್ ಮಷಿನ್ನು, ಟ್ಯಾಗು ಎಲ್ಲ ಸಿದ್ಧವಿದೆ. ಗುಂಡಿಗಳನ್ನು ನಾನೇ ಒತ್ತುತ್ತೇನೆ. ಯಾರಾದರೊಬ್ಬರು ಬಂದು, ಕೈಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು, ಪಕ್ಕದಲ್ಲಿ ಕೂರಬೇಕೆಂದು ವಿನಂತಿ.